ಕೇಕಿನ ಡಬ್ಬದಲ್ಲಿ ಸೌತೆಕಾಯಿ

ಮಾರ್ಚ್ 3, ಭಾನುವಾರ

ತಿಂದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಓಟ್ಸ್. ಮಧ್ಯಾಹ್ನ ಬೇಯಿಸಿದ ಕಾಳು, ಅರ್ಧ ಸೌತೆಕಾಯಿ. ರಾತ್ರಿ ಅದೇ ಕಾಳು, ಅದೇ ಸೌತೆಕಾಯಿಯ ಉಳಿದರ್ಧ. ಬರೆದಾಯಿತು. ಪುಟ ಇನ್ನೂ ಖಾಲಿ, ಹೊಟ್ಟೆಯೂ ಖಾಲಿ. ಪುಟವನ್ನಾದರೂ ತುಂಬಿಸೋಣ. ಓದುವವರು ಯಾರೂ ಇಲ್ಲ, ನಮ್ಮನೆಯವರಿಗಂತೂ ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಅರ್ಥವಾಗುವುದಿಲ್ಲ.

ವಿಷಯ ಇಷ್ಟು. ನನ್ನ ತಂಗಿಯ ಎರಡೂ ಕಿಡ್ನಿ ಕೈಕೊಟ್ಟಿವೆ. ಒಂದು ದಿನ ಬಿಟ್ಟು ಒಂದು ದಿನ ಆಸ್ಪತ್ರೆಗೆ ಹೋಗಿ ಮಷೀನಿನ ಪಕ್ಕ ಮಲಗುತ್ತಾಳೆ. ಅವಳಿರುವುದು ಎರಡು ವಿಮಾನ ಹತ್ತಿ ಇಳಿಯುವಷ್ಟು ದೂರದಲ್ಲಿ. ನನ್ನದು ಅವಳಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಕೊಡಲು ನಾನು ತುದಿಗಾಲಲ್ಲಿ ನಿಂತಿದ್ದೇನೆ. ಅಡ್ಡ ಬಂದಿರುವುದು ನನ್ನ ರಕ್ತದ ಸಕ್ಕರೆ. ಗಡಿಯ ಮೇಲೆ ಕೂತಿದೆ, ಆ ಕಡೆಗೂ ಬೀಳಬಹುದು, ಈ ಕಡೆಗೂ ಬೀಳಬಹುದು. ನಾನು ಅಲ್ಲಿ ಇಳಿದ ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊನೆಯ ಪರೀಕ್ಷೆ. ಗಡಿ ದಾಟಿದ್ದರೆ ‘ನಿಮ್ಮದು ಬೇಡ’ ಎಂದುಬಿಡುತ್ತಾರೆ.

ಮದುವೆಯಾದ ಮರುವರ್ಷದಿಂದ ಬೇಕರಿ ನಡೆಸುತ್ತಿರುವವಳು ನಾನು. ಕ್ರೀಮು ಹದಕ್ಕೆ ಬಂತೇ ಎಂದು ನಾನು ನೋಡುವುದು ಕಣ್ಣಿನಲ್ಲಲ್ಲ, ಹೆಬ್ಬೆರಳಿನಲ್ಲಿ. ಬಟ್ಟಲಿನ ಅಂಚು ಸವರು, ನೆಕ್ಕು, ಕೈ ತೊಳೆ, ಮುಂದಿನ ಬಟ್ಟಲಿಗೆ ಹೋಗು. ಇಂಥವಳಿಗೆ ಸಕ್ಕರೆ ಮುಟ್ಟಬೇಡಿ ಎನ್ನುತ್ತಾರೆ ಡಾಕ್ಟರು. ಅವರ ಮಗಳ ಮದುವೆಯ ಕೇಕು ಮಾಡಿದ್ದೂ ನಾನೇ.

ಮಾರ್ಚ್ 6, ಬುಧವಾರ

ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದೇನೆ. ಗಾಯವೇನೂ ಆಗಿಲ್ಲ. ಬೆರಳು ತಾನಾಗಿಯೇ ಬಾಯಿಗೆ ಹೋಗುತ್ತದಲ್ಲ, ಪ್ಲಾಸ್ಟರಿನ ಕಹಿ ತಗುಲಿದರೆ ಬುದ್ಧಿ ಬರಲಿ ಎಂದು. ಬೆಳಿಗ್ಗೆಯಿಂದ ಸುಮಾರು ಸಲ ಬುದ್ಧಿ ಬಂತು.

ರುಚಿ ನೋಡುವ ಕೆಲಸ ಈಗ ನಮ್ಮನೆಯವರದು. ಅವರ ನಿಜವಾದ ಕೆಲಸ ಅಂಗಡಿಯ ವ್ಯಾನಿನಲ್ಲಿ ಕೇಕುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು. ಚಮಚದಲ್ಲಿ ಕ್ರೀಮು ಕೊಟ್ಟೆ.

“ಹೇಗಿದೆ?”

“ಚೆನ್ನಾಗಿದೆ.”

“ಸಿಹಿ ಜಾಸ್ತೀನಾ, ಕಮ್ಮೀನಾ?”

“ಚೆನ್ನಾಗಿದೆ ಅಂದ್ನಲ್ಲ.”

ಅನುಮಾನ ಬಂತು. ಮಧ್ಯಾಹ್ನ ಸಕ್ಕರೆಯನ್ನೇ ಹಾಕದೆ ಒಂದು ಚಮಚ ಕೊಟ್ಟೆ. ಕಣ್ಣು ಮುಚ್ಚಿ ಚಪ್ಪರಿಸಿ, ಚೆನ್ನಾಗಿದೆ ಎಂದರು. ಇಷ್ಟು ವರ್ಷ ನನ್ನ ಅಡುಗೆಗೆ ಈ ಮನುಷ್ಯ ಕೊಟ್ಟ ಸರ್ಟಿಫಿಕೇಟುಗಳ ಯೋಗ್ಯತೆ ಇವತ್ತು ಗೊತ್ತಾಯಿತು.

ಮಾರ್ಚ್ 10, ಭಾನುವಾರ

ತಂಗಿ ಫೋನ್ ಮಾಡಿದ್ದಳು. ಟಿಕೆಟ್ ಆಯಿತು, ಇಪ್ಪತ್ತಕ್ಕೆ ಹೊರಡುತ್ತೇನೆ ಎಂದರೆ ಅವಳಿಗೆ ಸಂತೋಷವೇ ಇಲ್ಲ.

“ನಂಗೆ ಸ್ವಲ್ಪ ಯೋಚನೆ ಮಾಡೋಕೆ ಬಿಡೇ ಅಕ್ಕಾ.”

“ಇದ್ರಲ್ಲಿ ಏನೇ ಯೋಚನೆ? ನನ್ನ ಹತ್ರ ಎರಡಿದೆ, ನಿನ್ನ ಹತ್ರ ಒಂದೂ ಇಲ್ಲ. ಒಂದನೇ ಕ್ಲಾಸಿನ ಲೆಕ್ಕ.”

“ಲೆಕ್ಕ ಸುಲಭಾನೇ. ಕೊಡೋಳು ನೀನಲ್ವಾ, ಅದೇ ಕಷ್ಟ. ನೀನು ಕೊಡ್ತೀಯ, ಕೊಡ್ತೀಯ, ಕೊಡ್ತಾನೇ ಇರ್ತೀಯ. ಯಾವತ್ತಾದ್ರೂ ಯಾರ ಹತ್ರಾನಾದ್ರೂ ಏನಾದ್ರೂ ಇಸ್ಕೊಂಡಿದ್ದೀಯಾ? ಹೋದ ಸಲ ನಮ್ಮನೆಗೆ ಬಂದಾಗ ನಿನ್ನ ಬ್ರೆಡ್ಡು ನೀನೇ ಹೊತ್ಕೊಂಡು ಬಂದೆ. ನಾನು ಮಾಡಿದ ಸೂಪನ್ನ, ನಾನು ಆ ಕಡೆ ತಿರುಗಿದ ತಕ್ಷಣ ಮತ್ತೆ ಒಲೆ ಮೇಲಿಟ್ಟೆ.”

“ಉಪ್ಪಿರ್ಲಿಲ್ಲ ಕಣೇ ಅದಕ್ಕೆ!”

“ನೋಡು, ಇವತ್ತಿಗೂ ಮರೆತಿಲ್ಲ! ನಿನ್ನ ಕಿಡ್ನಿ ನನ್ನೊಳಗೆ ಬಂದ್ರೆ ದಿನಾ ಬೆಳಗ್ಗೆ ಫೋನ್ ಮಾಡಿ ‘ನನ್ನ ಕಿಡ್ನಿಗೆ ನೀರು ಕೊಟ್ಯಾ’ ಅಂತ ಕೇಳ್ತೀಯ. ಬಾ, ನಿನ್ನ ಟೆಸ್ಟ್ ಆಗ್ಲಿ. ನಾನಿನ್ನೂ ಸೈನ್ ಹಾಕಿಲ್ಲ.”

ಫೋನ್ ಇಟ್ಟಮೇಲೆ ಅಳು ಬಂತು. ಕೈತುಂಬ ಹಿಟ್ಟು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಕೊಡುತ್ತೇನೆ ಎಂದು ಯಾರಾದರೂ ಹೀಗೆ ಗೋಗರೆಯುತ್ತಾರೆಯೇ? ಬೇರೆಯವರ ಕೈಯಡುಗೆ ನನಗೆ ಒಗ್ಗುವುದಿಲ್ಲ, ಅದಕ್ಕೆ ನಾನೇನು ಮಾಡಲಿ? ಒಳ್ಳೆಯದು ಯಾವುದು ಎಂದು ನಾಲಗೆಗೆ ಗೊತ್ತಾಗಿಬಿಟ್ಟಿದೆ, ಅಷ್ಟೇ.

ಮಾರ್ಚ್ 14, ಗುರುವಾರ

ವಿಮಾನದ ಟಿಕೆಟ್ ಮಾಡಿಕೊಟ್ಟವನು ಫೋನಿನಲ್ಲಿ ಕೇಳಿದ, “ಮೇಡಂ, ಊಟ ಯಾವುದು ಹಾಕ್ಲಿ?”

“ಯಾವುದೂ ಬೇಡ. ಬಿಳೀ ಬ್ರೆಡ್ಡು, ಸಿಹಿ, ಮೇಲೊಂದಿಷ್ಟು ಉಪ್ಪು, ಅದನ್ನ ತಿಂದು ನಾನು ಟೆಸ್ಟಿಗೆ ಹೋಗ್ಬೇಕಾ? ನನ್ನ ಊಟ ನಾನೇ ತರ್ತೀನಿ.”

“ಆಮೇಲೆ ಕೇಳಿದ್ರೆ ಒಳಗೆ ಸಿಗಲ್ಲ ಮೇಡಂ. ಮೊದ್ಲೇ ಹೇಳಿದೋರಿಗೆ ಮಾತ್ರ ಹತ್ತಿಸ್ತಾರೆ.”

“ನಾನು ಕೇಳೋದೂ ಇಲ್ಲ.”

ಸಂಜೆ ನಮ್ಮನೆಯವರು ಕನ್ನಡಕ ಹಾಕಿಕೊಂಡು ವಿಮಾನ ನಿಲ್ದಾಣದ ನಿಯಮಗಳನ್ನು ಗಟ್ಟಿಯಾಗಿ ಓದಿದರು. ನೀರು ಒಯ್ಯುವ ಹಾಗಿಲ್ಲ. ಸೂಪು ಒಯ್ಯುವ ಹಾಗಿಲ್ಲ. ಮೊಸರೂ ಒಯ್ಯುವ ಹಾಗಿಲ್ಲವಂತೆ, ಅದೂ ದ್ರವವಂತೆ. ನಾನು ಹೆಪ್ಪು ಹಾಕಿದ ಮೊಸರನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳುವುದಿಲ್ಲ, ಬೇಕಿದ್ದರೆ ಬಂದು ನೋಡಲಿ ಎಂದೆ. “ನನ್ನ ಹತ್ರ ಯಾಕೆ ಜಗಳ ಆಡ್ತೀಯ, ನಾನು ಬರೀ ಓದ್ತಿದ್ದೀನಿ” ಎಂದರು.

ಆಮೇಲೆ ರಿಹರ್ಸಲ್ ಮಾಡಿದೆವು. ಗೋಡೆಗೆ ಒತ್ತಿ ಎರಡು ಕುರ್ಚಿ, ಮಂಡಿಗೆ ತಾಗುವಂತೆ ಮುಂದೊಂದು ಕುರ್ಚಿ. ನಮ್ಮನೆಯವರು ಪಕ್ಕದ ಪ್ರಯಾಣಿಕ. ಅವರು ಮೊಣಕೈ ಚಾಚಿ, ಬಾಯಿ ತೆರೆದು ಗೊರಕೆ ಹೊಡೆಯುವ ನಾಟಕ ಶುರುಮಾಡಿದರು. ಅಂಥ ಇಕ್ಕಟ್ಟಿನಲ್ಲಿ ಯಾವುದು ತಿನ್ನಲು ಬರುತ್ತದೆ ಎಂದು ಒಂದೊಂದೇ ನೋಡಿದೆ. ಕಾಳಿಗೆ ಚಮಚ ಬೇಕು, ಉರುಳಿ ಸೀಟಿನ ಸಂದಿಗೆ ಬೀಳುತ್ತದೆ. ಆದ್ದರಿಂದ ಕಾಳನ್ನು ಅರೆದು ಉಂಡೆ ಕಟ್ಟಿ ಓವನ್ನಿನಲ್ಲಿ ಸುಡುವುದು. ಸೌತೆಕಾಯಿ ಬೆರಳುದ್ದ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯುವುದು. ಕಿತ್ತಳೆ ಬೇಡ, ಪಕ್ಕದವರ ಕಣ್ಣಿಗೆ ಚಿಮ್ಮುತ್ತದೆ. ಅದು ನಮ್ಮನೆಯವರ ಕಣ್ಣಿನ ಮೇಲೆ ಪ್ರಯೋಗವಾಗಿ ತಿಳಿಯಿತು. ನಗುತ್ತಾ ನಗುತ್ತಾ ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಮಾರ್ಚ್ 17, ಭಾನುವಾರ

ಕಾಳು. ಸೌತೆಕಾಯಿ. ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಾರೊಂದಿಗೂ ಮಾತು ಬೇಡ.

ಮಾರ್ಚ್ 19, ಮಂಗಳವಾರ

ಇವತ್ತು ಕೈತುಂಬ ಕೆಲಸ. ವಕೀಲರ ಅರವತ್ತರ ಹುಟ್ಟುಹಬ್ಬ ನಾಳೆ. ಅವರ ಕೇಕು ಮುಗಿಸಿಯೇ ಹೊರಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮೂರು ಪದರ, ನಡುವೆ ಬೆಣ್ಣೆ ಕ್ರೀಮು, ಮೇಲೆ ತೆಳ್ಳಗೆ ಚಾಕೊಲೇಟು. ‘ವಕೀಲ ಸಾಹೇಬರಿಗೆ ಅರವತ್ತು’ ಎಂದು ಬರೆದೆ. ಬರೆಯುವಾಗ ಬಾಯಲ್ಲಿ ನೀರೂರಿತು, ನಿಜ ಹೇಳುತ್ತೇನೆ. ಪ್ಲಾಸ್ಟರ್ ಕಚ್ಚಿಕೊಂಡೆ.

ಆಮೇಲೆ ನನ್ನ ಊಟ. ಸುಟ್ಟ ಕಾಳಿನ ಉಂಡೆ, ಸೌತೆಕಾಯಿ, ಕ್ಯಾರೆಟ್ಟು, ಹುರಿದ ಬಾದಾಮಿ, ಒಂದಿಡೀ ಗೋಧಿ ಬ್ರೆಡ್ಡು. ಎರಡು ದಿನದ ಪ್ರಯಾಣಕ್ಕೆ ಸಾಕು. ತಣ್ಣಗಿರಲೆಂದು ಪಕ್ಕದಲ್ಲಿ ಐಸಿನ ಗಟ್ಟಿ. ನಮ್ಮನೆಯವರು ಪ್ರಯಾಣಕ್ಕೆಂದೇ ಮಾರುವ ಒಂದು ಊಟದ ಚೀಲ ತಂದಿದ್ದರು. ಮೂಸಿದೆ, ಹೊಸ ಚಪ್ಪಲಿಯ ವಾಸನೆ. ಬೇಡ ಎಂದೆ. ನನ್ನ ಕೇಕಿನ ಡಬ್ಬ ಇರುವಾಗ ಅದೆಲ್ಲ ಯಾಕೆ? ತೊಡೆಯ ಮೇಲೆ ಸಮನಾಗಿ ಕೂರುತ್ತದೆ, ಅಲ್ಲಾಡುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಡಬ್ಬ ಒಂದೂ ಮಗುಚಿದ ದೂರಿಲ್ಲ. ನನ್ನದೇ ಗಂಟು ಹಾಕಿ ದಾರ ಕಟ್ಟಿದೆ. ಮನೆಯ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ, ಅಂಗಡಿಯದರಲ್ಲಿಟ್ಟೆ.

“ಡಬ್ಬದ ಮೇಲೆ ಹೆಸರು ಬರೆದಿಡು” ಎಂದರು ನಮ್ಮನೆಯವರು.

“ಎತ್ತಿ ನೋಡಿದ್ರೆ ಒಳಗೇನಿದೆ ಅಂತ ಹೇಳೋಳು ನಾನು. ಹೆಸರು ಬರೆಯೋದು ಹೊಸಬರು” ಎಂದೆ.

ಮಾರ್ಚ್ 20, ಬುಧವಾರ, ವಿಮಾನದಲ್ಲಿ

ನಗು ತಡೆಯಲಾಗುತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ಡಬ್ಬ ನೋಡಿ ಕೇಳಿದ, “ಇದನ್ನ ನೀವೇ ಪ್ಯಾಕ್ ಮಾಡಿದ್ದಾ?”

“ನಾನೇ. ಬೇರೆ ಒಂದು ಕೈ ಮುಟ್ಟಿಲ್ಲ.”

“ಒಳಗೇನಿದೆ?”

“ನನ್ನ ಪಥ್ಯದ ಊಟ. ಬರೀ ಕಾಳು, ತರಕಾರಿ.”

ಅವನು ದಾರ ಸರಿಸಿ, ಮುಚ್ಚಳವನ್ನು ತನ್ನ ಕಡೆ ಮಾತ್ರ ಚೂರು ಎತ್ತಿ ಇಣುಕಿದ. ನನ್ನ ಮುಖ ನೋಡಿದ. ಮತ್ತೆ ಇಣುಕಿದ. “ಇಂಥ ಪಥ್ಯ ನಮಗೂ ಬರ್ಲಿ ತಾಯೀ” ಎಂದು ನಕ್ಕು ಮುಚ್ಚಿ ಕಳಿಸಿದ. ತರಕಾರಿ ತಿನ್ನುವವರನ್ನು ಕಂಡರೆ ಜನಕ್ಕೆ ಏನೋ ತಮಾಷೆ ಎಂದುಕೊಂಡು ಬಿಗುಮಾನದಿಂದಲೇ ಬಂದೆ.

ವಿಮಾನದಲ್ಲಿ ನನ್ನ ಪಕ್ಕ ಹಡಗಿನ ಇಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್, ಗುಂಡುಗುಂಡಗಿನ ಮನುಷ್ಯ. ಕಿಟಕಿಯ ಪಕ್ಕ ಒಬ್ಬ ಅಜ್ಜಿ, ಮೊಮ್ಮಗುವಿಗೆ ಟೋಪಿ ಹೆಣೆಯುತ್ತಿದ್ದವರು. ಹೊರಟು ಅರ್ಧ ಗಂಟೆಯಾಗುವಷ್ಟರಲ್ಲಿ ನನ್ನ ತಂಗಿಯ ವಿಷಯ, ನನ್ನ ಸಕ್ಕರೆಯ ವಿಷಯ, ವಿಮಾನದ ಊಟ ಎಷ್ಟು ಕೆಟ್ಟದ್ದು ಎಂಬ ವಿಷಯ ಎಲ್ಲ ಇಬ್ಬರಿಗೂ ಹೇಳಿಯಾಗಿತ್ತು. ಊಟದ ಗಾಡಿ ಬಂತು. ಗಗನಸಖಿ ನನ್ನ ಹೆಸರಿನ ಮುಂದೆ ಊಟವಿಲ್ಲ ಎಂದಳು. “ಗೊತ್ತಮ್ಮಾ” ಎಂದು, ಎಲ್ಲರೂ ನೋಡಲಿ ಎಂದೇ ದಾರ ಬಿಚ್ಚಿ ಮುಚ್ಚಳ ತೆಗೆದೆ.

‘ವಕೀಲ ಸಾಹೇಬರಿಗೆ ಅರವತ್ತು.’

ಅದೇ ಡಬ್ಬ, ಅದೇ ಗಂಟು, ಅದೇ ದಾರ. ಐಸಿನ ಗಟ್ಟಿಯಿಂದಾಗಿ ತೂಕವೂ ಒಂದೇ. ಮುಂಜಾವಿನ ಆತುರದಲ್ಲಿ ಫ್ರಿಜ್ಜಿನಿಂದ ತೆಗೆದವಳು ನಾನೇ. ಎತ್ತಿ ನೋಡಿಯೇ ಹೇಳುವವಳು!

ಅಂದರೆ ನನ್ನ ಸೌತೆಕಾಯಿ ಇಷ್ಟೊತ್ತಿಗೆ ವ್ಯಾನು ಹತ್ತಿ ವಕೀಲರ ಮನೆಗೆ ಹೊರಟಿದೆ. ದೇವರೇ.

“ಅರವತ್ತಾ? ಐವತ್ತೂ ಆದ ಹಾಗೆ ಕಾಣಲ್ಲ ಮೇಡಂ” ಎಂದ ಮೆಕ್ಯಾನಿಕ್. ಹಿಂದಿನ ಸೀಟಿನವನು ಎದ್ದು ಇಣುಕಿ, “ನೀವು ವಕೀಲರಾ? ನಮ್ಮ ಪಕ್ಕದ ಮನೆಯವನು ಕಾಂಪೌಂಡನ್ನ ನಮ್ಮ ಜಾಗಕ್ಕೆ ಒಂದಡಿ ತಳ್ಳಿ ಕಟ್ಟಿದ್ದಾನೆ, ಏನು ಮಾಡೋದು?” ಎಂದ. ನಾನು ವಕೀಲೆಯಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಸುತ್ತಲಿನವರೆಲ್ಲ ನನಗೆ ಹುಟ್ಟುಹಬ್ಬದ ಶುಭಾಶಯ ಹೇಳಿಯಾಗಿತ್ತು.

ಹಂಚಿಬಿಡೋಣ ಎನಿಸಿತು. ಕಣ್ಣ ಮುಂದೆ ಇಟ್ಟುಕೊಂಡು ಅಷ್ಟು ಹೊತ್ತು ಕೂರುವುದು ನನ್ನಿಂದ ಆಗದ ಮಾತು. ಗಗನಸಖಿ ಪ್ಲಾಸ್ಟಿಕ್ ಚಾಕು ತಂದುಕೊಟ್ಟಳು. ಕತ್ತರಿಸುವಾಗ ಹೆಬ್ಬೆರಳಿಗೆ ಕ್ರೀಮು ಮೆತ್ತಿತು. ತಪಾಸಣೆಗೆ ಮುಂಚೆ ಕೈ ತೊಳೆಯುವಾಗ ಪ್ಲಾಸ್ಟರ್ ಬಿದ್ದುಹೋಗಿತ್ತು. ಬೆರಳು ತನ್ನಷ್ಟಕ್ಕೆ ಹೊರಟಿತು, ಬಾಯಿಯ ಹತ್ತಿರ ಬಂದೂ ಬಿಟ್ಟಿತು. ಟೋಪಿ ಹೆಣೆಯುತ್ತಿದ್ದ ಅಜ್ಜಿ ಮೆಕ್ಯಾನಿಕ್‌ನ ಹೊಟ್ಟೆಯ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನಿಮ್ಮ ತಂಗಿ!” ಎಂದರು, ಅಷ್ಟೇ. ಉಣ್ಣೆಯ ಟೋಪಿಯಲ್ಲೇ ಬೆರಳು ಒರೆಸಿದರು.

ಕೇಕು ಖಾಲಿಯಾಯಿತು. ಎಲ್ಲರೂ ಹೊಗಳಿದರು. ಸಿಹಿ ಹೇಗಿತ್ತೋ ನನಗೆ ಗೊತ್ತಾಗಲೇ ಇಲ್ಲ. ಈಗ ನನ್ನ ಹೊಟ್ಟೆಯ ಪ್ರಶ್ನೆ. ಅಜ್ಜಿ ತಮ್ಮ ಡಬ್ಬಿ ತೆಗೆದರು, ಬೇಯಿಸಿದ ಮೊಟ್ಟೆ, ಕ್ಯಾರೆಟ್ಟು. ಮೆಕ್ಯಾನಿಕ್‌ನ ಹೆಂಡತಿ ಅವನ ಹೊಟ್ಟೆ ಇಳಿಸಲೆಂದು ಸೊಪ್ಪು ತುಂಬಿದ ಗೋಧಿ ಬ್ರೆಡ್ಡು ಕಟ್ಟಿಕೊಟ್ಟಿದ್ದಳಂತೆ. ಕೇಕು ತಿಂದ ಮೇಲೆ ಅದು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಬ್ಬರೂ ನನ್ನ ಮುಂದಿಟ್ಟರು.

“ಬೇಡ, ಬೇಜಾರು ಮಾಡ್ಕೋಬೇಡಿ. ಬೇರೆಯವರ ಕೈಯಡುಗೆ ನಂಗೆ ಒಗ್ಗಲ್ಲ” ಎಂದೆ.

ಅಜ್ಜಿ ಸೂಜಿ ಕೆಳಗಿಟ್ಟರು. “ನಿಮ್ಮ ಕೇಕು ಇಷ್ಟು ಜನ ತಿಂದ್ವಿ. ಕೈ ತೊಳೆದು ಮಾಡಿದ್ರಾ ಅಂತ ಒಬ್ಬರಾದ್ರೂ ಕೇಳಿದ್ವಾ?”

ಮೊಟ್ಟೆ ತೆಗೆದುಕೊಂಡೆ. ಸ್ವಲ್ಪ ಜಾಸ್ತಿ ಬೆಂದಿತ್ತು. ಹಸಿವಿನಲ್ಲಿ ಎರಡನೆಯದನ್ನೂ ನಾನೇ ಕೇಳಿ ತೆಗೆದುಕೊಂಡೆ.

ಮಾರ್ಚ್ 21, ಗುರುವಾರ

ಬಂದು ಮುಟ್ಟಿದೆ. ಎರಡನೇ ವಿಮಾನಕ್ಕೆ ಅಜ್ಜಿಯೂ ಇದ್ದರು, ಉಳಿದ ಬ್ರೆಡ್ಡನ್ನು ಇಬ್ಬರೂ ಹಂಚಿಕೊಂಡೆವು. ಇಳಿಯುವಾಗ ಬಾದಾಮಿಯ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿ ಹೋದರು.

ತಂಗಿ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಸೊರಗಿದ್ದಾಳೆ. ತಬ್ಬಿಕೊಂಡರೆ ಕೈಗೆ ಬರೀ ಮೂಳೆ. ಅಳಬಾರದು ಎಂದುಕೊಂಡು ಕೇಕಿನ ಕಥೆ ಶುರುಮಾಡಿದೆ. ಅವಳು ನಗತೊಡಗಿದಳು. ಮೊಟ್ಟೆಯ ವಿಷಯಕ್ಕೆ ಬಂದಾಗ ನಗು ನಿಂತಿತು.

“ನೀನು? ಗುರುತಿಲ್ಲದೋರ ಡಬ್ಬೀಗೆ ಕೈ ಹಾಕಿದ್ಯಾ?”

“ಹಸಿವಾಗಿತ್ತು ಕಣೇ.”

“ಉಪ್ಪು?”

“ಉಪ್ಪೇನೂ ನೋಡ್ಲಿಲ್ಲ.”

ಅವಳು ನನ್ನನ್ನೇ ನೋಡುತ್ತಾ ಕೂತಳು. ಅಷ್ಟರಲ್ಲಿ ನಮ್ಮನೆಯವರ ಫೋನ್. ವಕೀಲರ ಮನೆಯಲ್ಲಿ ನೆಂಟರೆಲ್ಲ ಸುತ್ತ ನಿಂತಿದ್ದಾಗ ಡಬ್ಬ ತೆರೆದರಂತೆ. ಸೌತೆಕಾಯಿ ನೋಡಿ ಎಲ್ಲರೂ ಗಪ್‌ಚಿಪ್. ತಮ್ಮ ಸಕ್ಕರೆ ಕಾಯಿಲೆಗೆಂದು ಹೆಂಡತಿ ಮಾಡಿದ ಸಂಚು ಎಂದು ವಕೀಲರು ಅವಳ ಕಡೆ ನೋಡಿದರಂತೆ, ಅವಳೂ ಇದೇ ಒಳ್ಳೆಯದಾಯಿತೆಂದು ಹೌದು ಎಂದುಬಿಟ್ಟಳಂತೆ! ಗೋಧಿ ಬ್ರೆಡ್ಡಿಗೆ ಮೇಣದಬತ್ತಿ ಚುಚ್ಚಿ ಕತ್ತರಿಸಿದರಂತೆ.

“ನೀವೇನು ಮಾಡಿದ್ರಿ?” ಎಂದೆ.

“ನಂಗೂ ಒಂದು ಕಾಳಿನ ಉಂಡೆ ಕೊಟ್ರು. ಚೆನ್ನಾಗಿತ್ತು.”

ತಂಗಿ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಉರುಳಿದಳು. ರಾತ್ರಿ ಅವಳು ಕೊಟ್ಟದ್ದನ್ನು ಉಂಡೆ. ನಾಳೆ ಪರೀಕ್ಷೆ.

ಮಾರ್ಚ್ 22, ಶುಕ್ರವಾರ

ಈ ಕಡೆಗೇ ಬಿತ್ತು! ಗಡಿಯ ಈ ಕಡೆಗೆ! ಡಾಕ್ಟರು ಕಾಗದ ತೋರಿಸಿ ‘ಸಂತೋಷ, ಮುಂದುವರಿಯಬಹುದು’ ಎಂದರು. ನಾನು ಆ ಮನುಷ್ಯನ ಕೈ ಹಿಡಿದು ಕುಲುಕಿ ಬಿಡಲೇ ಇಲ್ಲ, ನರ್ಸ್ ಬಂದು ಬಿಡಿಸಿದಳು.

ಆಮೇಲೆ ತಂಗಿಯ ಕಡೆ ತಿರುಗಿದೆ. ಇನ್ನೊಂದು ಸಲ ಗೋಗರೆಯಬೇಕು ಎಂದು ಸಿದ್ಧವಾಗಿದ್ದೆ. ಅವಳು ಪೆನ್ನು ಕೇಳಿದಳು.

“ಯೋಚನೆ ಮಾಡ್ಬೇಕು ಅಂದಿದ್ದೆ?”

“ಮಾಡ್ದೆ. ನೀನು ಯಾರೋ ಅಜ್ಜಿ ಹತ್ರ ಮೊಟ್ಟೆ ಇಸ್ಕೊಂಡು ತಿಂತೀಯ ಅಂದ್ಮೇಲೆ, ನಿನ್ನ ಹತ್ರ ಇಸ್ಕೊಳ್ಳೋಕೆ ನಂಗೇನು ಧಾಡಿ?”

ಮೊಟ್ಟೆಗೂ ಕಿಡ್ನಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಇವಳು ಚಿಕ್ಕಂದಿನಿಂದಲೂ ಹೀಗೇ. ಸೈನ್ ಹಾಕಿದಳಲ್ಲ, ಸಾಕು.

ಏಪ್ರಿಲ್ 2, ಮಂಗಳವಾರ

ಆಪರೇಷನ್ ಆಗಿ ಐದು ದಿನ. ಪಕ್ಕೆ ಎಳೆಯುತ್ತದೆ, ನಕ್ಕರೆ ಇನ್ನೂ ಎಳೆಯುತ್ತದೆ. ಅದು ಅವಳೊಳಗೆ ಕೆಲಸ ಶುರುಮಾಡಿದೆಯಂತೆ. ಅವಳ ಕೆನ್ನೆಗೆ ಬಣ್ಣ ಬಂದಿದೆ. ದೇವರು ದೊಡ್ಡವನು. ಹೆಚ್ಚು ಬರೆಯಲು ಕೂರಲಾಗುವುದಿಲ್ಲ.

ಏಪ್ರಿಲ್ 19, ಶುಕ್ರವಾರ

ಅಡುಗೆಮನೆಗೆ ನನಗೆ ಪ್ರವೇಶವಿಲ್ಲ. ತಂಗಿಯ ಗಂಡ ಅಡುಗೆ ಮಾಡುತ್ತಾನೆ, ಅವಳು ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಾಳೆ, ನಾನು ನಡುಮನೆಯಲ್ಲಿ ಮಹಾರಾಣಿಯ ಹಾಗೆ ಕಾಲು ನೀಡಿಕೊಂಡಿರುತ್ತೇನೆ. ಇವತ್ತು ಸೂಪಿತ್ತು. ಇನ್ನೊಂದು ಬಟ್ಟಲು ಹಾಕಿಸಿಕೊಂಡೆ. ದಿನಚರಿಯಲ್ಲಿ ಬರೆಯುವಂಥದ್ದು ಬೇರೇನೂ ನಡೆಯಲಿಲ್ಲ.

ಮೇ 10, ಶುಕ್ರವಾರ, ವಿಮಾನ ನಿಲ್ದಾಣದಲ್ಲಿ

ಮನೆಗೆ ಹೊರಟಿದ್ದೇನೆ. ನಮ್ಮನೆಯವರು ಅಂಗಡಿ ತೊಳೆದಿಟ್ಟು ಕಾಯುತ್ತಿದ್ದಾರಂತೆ. ನಾನು ಬರುವಾಗ ತಂದ ಕೇಕಿನ ಡಬ್ಬವನ್ನೇ ತಂಗಿ ಒರೆಸಿ ಎತ್ತಿಟ್ಟಿದ್ದಳು. ಬೆಳಿಗ್ಗೆ ಬೇಗ ಎದ್ದು, ನನ್ನನ್ನು ಹೊರಗೇ ನಿಲ್ಲಿಸಿ, ಅದರಲ್ಲಿ ದಾರಿಗೆ ಊಟ ಕಟ್ಟಿದಳು. ಗಂಟು ಮಾತ್ರ ಅವಳದು, ಬೂಟಿನ ಲೇಸು ಕಟ್ಟಿದ ಹಾಗೆ. ಬಾಗಿಲಲ್ಲಿ ಇಬ್ಬರೂ ಅತ್ತೆವು, ಆಮೇಲೆ ಪಕ್ಕೆ ಎಳೆಯುತ್ತದೆಂದು ಇಬ್ಬರೂ ನಿಲ್ಲಿಸಿದೆವು.

ತಪಾಸಣೆಯ ಮೇಜಿನ ಹಿಂದೆ ಚಿಕ್ಕ ವಯಸ್ಸಿನ ಹುಡುಗಿ. “ಇದನ್ನ ನೀವೇ ಪ್ಯಾಕ್ ಮಾಡಿದ್ದಾ?”

“ಅಲ್ಲಮ್ಮ, ನನ್ನ ತಂಗಿ.”

“ಒಳಗೇನಿದೆ?”

“ಗೊತ್ತಿಲ್ಲ.”

ಅವಳ ಮುಖ ಗಂಭೀರವಾಯಿತು. ನನ್ನನ್ನು ಪಕ್ಕಕ್ಕೆ ಕರೆದರು. ಇನ್ನಿಬ್ಬರು ಬಂದರು. ಗಂಟು ಬಿಚ್ಚಿದರು. ಗೋಧಿ ಬ್ರೆಡ್ಡು ಹೊರಗೆ ಬಂತು. ಬೇಯಿಸಿದ ಮೊಟ್ಟೆ ಎರಡು. ಬೆರಳುದ್ದ ಹೆಚ್ಚಿದ ಸೌತೆಕಾಯಿ. ಕೊನೆಗೆ ತಳದಲ್ಲಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿಟ್ಟ ಒಂದು ಡಬ್ಬಿ. ಮುಚ್ಚಳ ತೆಗೆದರೆ ಮೊಸರು.

“ಇದನ್ನ ಬಿಡೋಕಾಗಲ್ಲ ಮೇಡಂ, ಇಲ್ಲೇ ಬಿಸಾಡ್ಬೇಕು” ಎಂದಳು ಹುಡುಗಿ.

“ಬಿಸಾಡಬೇಡ! ಇಲ್ಲೇ ತಿಂದುಬಿಡ್ತೀನಿ.”

ಮೂವರೂ ಮುಖ ಮುಖ ನೋಡಿಕೊಂಡರು. ಹಿಂದೆ ಸಾಲು ಕಾಯುತ್ತಿತ್ತು. ಚಮಚ ಇರಲಿಲ್ಲ. ಆ ಮೇಜಿನ ಪಕ್ಕ ನಿಂತು, ಎಲ್ಲರೂ ನೋಡುತ್ತಿದ್ದ ಹಾಗೆ, ಡಬ್ಬಿಯನ್ನೇ ಬಾಯಿಗೆತ್ತಿ ತಿಂದೆ. ನೀರುನೀರಾಗಿತ್ತು, ಮೂತಿಗೆಲ್ಲ ಮೆತ್ತಿತು. ತಳದಲ್ಲಿ ಉಳಿದದ್ದನ್ನು ಹೆಬ್ಬೆರಳಲ್ಲಿ ಬಳಿದು ನೆಕ್ಕಿದೆ.

ಹುಡುಗಿ ಕಾಗದದ ಕರವಸ್ತ್ರ ಕೊಟ್ಟು, ನಗು ತಡೆಯಲಾರದೆ ಕೇಳಿದಳು, “ಹೇಗಿತ್ತು ಮೇಡಂ?”

“ಚೆನ್ನಾಗಿತ್ತು” ಎಂದೆ.